ಮಡುವಿನ ಅರ್ಥ

ಮೂವತ್ತು ವರ್ಷಗಳಿಗೂ ಮಿಕ್ಕಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು ನಾನು. ಕಾಳಿಂದಿಯ ಮಡುವನ್ನೂ ದುರ್ಯೋಧನನು ಅಡಗಿ ಕುಳಿತ ವೈಶಂಪಾಯನ ಸರೋವರವನ್ನೂ ತರಗತಿಯಲ್ಲಿ ಎಷ್ಟು ಬಾರಿ ವರ್ಣಿಸಿದ್ದೇನೋ ಲೆಕ್ಕವಿಲ್ಲ. ಮಡುವೆಂದರೆ ಹೊಳೆಯ ಆಳವಾದ ತಾಣ, ಅಲ್ಲಿ ನೀರು ನಿಂತಂತೆ ತೋರುತ್ತದೆ ಎಂದು ಅರ್ಥ ಹೇಳಿ ಮುಂದಿನ ಪದ್ಯಕ್ಕೆ ಹೋಗುತ್ತಿದ್ದೆ. ಆ ‘ತೋರುತ್ತದೆ’ ಎಂಬ ಮಾತಿನ ತೂಕ ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ಒಂದು ದಸರೆಯ ರಜೆಯಲ್ಲಿ.

ಮಗನಿಗೂ ಸೊಸೆಗೂ ಕಾಡಿನಂಚಿನಲ್ಲಿ ಗುಡಾರ ಹೂಡಿ ನಾಲ್ಕು ದಿನ ಕಳೆಯಬೇಕೆಂಬ ಹಂಬಲ. ಮೊಮ್ಮಕ್ಕಳಿಬ್ಬರಿಗೆ ಈಜು ಕಲಿತ ಹೊಸ ಹುರುಪು. ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯ ಕಡೆ ಪರಿಚಿತರೊಬ್ಬರ ಅಡಿಕೆ ತೋಟವಿತ್ತು. ಅದರ ಮೇಲಣ ಬೇಣದಲ್ಲಿ ನಮ್ಮ ಎರಡು ಗುಡಾರಗಳು ಎದ್ದವು. ಈ ವಯಸ್ಸಿನಲ್ಲಿ ನೆಲದ ಮೇಲೆ ಮಲಗುವುದೇ ಎಂದು ನನ್ನ ಹೆಂಡತಿ ಗೊಣಗಿದಳಾದರೂ ಎಲ್ಲರಿಗಿಂತ ಮೊದಲು ನಿದ್ರೆ ಹೋದವಳು ಅವಳೇ.

ಮೊದಲ ದಿನ ಉಂಚಳ್ಳಿ ಜಲಪಾತಕ್ಕೆ ಹೋದೆವು. ಶಿರಸಿಯ ಬಳಿ ಹುಟ್ಟಿ, ನಡುವೆ ದೊಡ್ಡ ಅಣೆಕಟ್ಟೆಗಳಾವುವಕ್ಕೂ ಸಿಕ್ಕದೆ, ಕುಮಟೆಯ ಬಳಿ ಕಡಲನ್ನು ಸೇರುವ ಅಘನಾಶಿನಿ ಇಲ್ಲಿ 116 ಮೀಟರುಗಳಷ್ಟು ಕೆಳಕ್ಕೆ ಧುಮುಕುತ್ತದೆ. 1845ರಲ್ಲಿ ಲಷಿಂಗ್‌ಟನ್ ಎಂಬ ಕಲೆಕ್ಟರು ಇದನ್ನು ‘ಕಂಡುಹಿಡಿದ’ರೆಂದು ಬರೆದಿಡಲಾಗಿದೆ. ಸುತ್ತಲ ಊರಿನವರಿಗೆ ಇದು ಕೆಪ್ಪಜೋಗ, ಕಿವಿ ಕೆಪ್ಪಾಗಿಸುವ ಜೋಗ. ಎದುರಿನ ಗುಡ್ಡದಿಂದ ಅದನ್ನು ನೋಡುವಾಗ ಹತ್ತಿರ ಹೋಗಬೇಡಿರೆಂದು ಮಕ್ಕಳಿಗೆ ಯಾರೂ ಹೇಳಬೇಕಾಗಲಿಲ್ಲ. ಜಲಪಾತ ತಾನೇ ಕೂಗಿ ಎಚ್ಚರಿಸುತ್ತದೆ.

ಮಾರನೆಯ ದಿನ ನಾವು ಕಂಡ ಹಳ್ಳದ ಮಡು ಹಾಗೆ ಕೂಗಲಿಲ್ಲ. ಎರಡಾಳೆತ್ತರದಿಂದ ಬಿದ್ದ ನೀರು ಬಂಡೆಯ ಬುಡದಲ್ಲಿ ಹಸಿರಾಗಿ ಹರಡಿಕೊಂಡಿತ್ತು. ಮಳೆಗಾಲದ ಸುಳಿಯಲ್ಲಿ ಸಿಕ್ಕಿದ ಕಲ್ಲುಗಳು ವರ್ಷವರ್ಷವೂ ತಿರುಗಿ ತಿರುಗಿ ಬಂಡೆಯಲ್ಲಿ ಒರಳಿನಂತಹ ಗುಳಿಗಳನ್ನು ಕೊರೆದಿದ್ದವು. ಈಜಬಹುದೆ ಎಂದು ಮಗ ನನ್ನ ಮುಖ ನೋಡಿದ. ನಾನು ಆಕಾಶವನ್ನು ನೋಡಿದೆ. ಒಂದು ತುಣುಕು ಮೋಡವಿರಲಿಲ್ಲ. “ಆಗಲಿ, ಅರ್ಧ ಗಂಟೆ” ಎಂದೆ. ಹಿರಿಯನ ಅಪ್ಪಣೆ!

ಸ್ವಲ್ಪ ಹೊತ್ತಿನಲ್ಲಿ ಸೊಪ್ಪಿನ ಹೊರೆ ಹೊತ್ತ ಮುದುಕನೊಬ್ಬ ಆ ದಾರಿಯಾಗಿ ಬಂದ. ಅವನು ಆಕಾಶವನ್ನು ನೋಡಲಿಲ್ಲ, ನೀರನ್ನು ನೋಡಿದ. ಹೊರೆಯನ್ನು ಕೆಳಗಿಳಿಸಿ, “ಮಕ್ಕಳು ಮೇಲೆ ಬರಲಿ” ಎಂದ. ಮಳೆಯೇ ಇಲ್ಲವಲ್ಲ ಎಂದು ನಾನು ವಾದಕ್ಕೆ ತೊಡಗಿದೆ. ಅವನು ಬೆರಳು ತೋರಿಸಿದ. ತಿಳಿಯಾಗಿದ್ದ ನೀರಿಗೆ ಚಹಾದ ಬಣ್ಣ ಬರುತ್ತಿತ್ತು. ತರಗೆಲೆಗಳೂ ಕಡ್ಡಿಗಳೂ ಗುಂಪುಗುಂಪಾಗಿ ತೇಲಿಬರುತ್ತಿದ್ದವು. ಮೊಮ್ಮಗ ದಡಕ್ಕೆ ಬಂದಿದ್ದ. ಎಂಟು ವರ್ಷದ ಮೊಮ್ಮಗಳು ಹಳ್ಳದ ನಡುವಣ ಬಂಡೆಯ ಮೇಲೆ ಕುಳಿತಿದ್ದಳು. ಅವಳು ದಾಟಿ ಹೋದಾಗ ಅಲ್ಲಿ ಪಾದ ಮುಳುಗುವಷ್ಟು ನೀರು. ಮಗ ಅವಳನ್ನು ಹೆಗಲ ಮೇಲೆ ಹೊತ್ತು ಹಿಂದಿರುಗುವಾಗ ಅವನ ತೊಡೆಯವರೆಗೆ ಬಂದಿತ್ತು. ಕಾಲು ಗಂಟೆ ಕಳೆಯುವಷ್ಟರಲ್ಲಿ ಆ ಬಂಡೆ ಕಣ್ಣಿಗೆ ಕಾಣಲಿಲ್ಲ.

ಮೇಲಣ ಗುಡ್ಡಗಳಲ್ಲೆಲ್ಲೋ ಮಳೆ ಸುರಿದಿತ್ತು. ಅದು ಚಿತ್ತೆಯ ಮಳೆಯ ಕಾಲ. ನಮ್ಮ ರೈತರು ಚಿತ್ತೆಯನ್ನು ಕುರುಡು ಎಂದು ಕರೆಯುವುದು ಸುಮ್ಮನೆ ಅಲ್ಲ. ಅದು ಎಲ್ಲಿ ಸುರಿಯುತ್ತದೆ, ಎಲ್ಲಿ ಬಿಡುತ್ತದೆ ಎಂದು ಹೇಳಲಾಗದು. ನಮ್ಮ ತಲೆಯ ಮೇಲಣ ಬಿಸಿಲಿಗೂ ನಮ್ಮ ಕಾಲ ಕೆಳಗಣ ನೀರಿಗೂ ಸಂಬಂಧವಿರಬೇಕೆಂಬ ನಿಯಮವೇನೂ ಇಲ್ಲ. ರಜೆಯ ದಿನಗಳಲ್ಲಿ ವರ್ಷವರ್ಷವೂ ಪತ್ರಿಕೆಗಳಲ್ಲಿ ನಾವು ಓದಿ ಮರೆಯುವ ಸಾವುಗಳ ಹಿಂದೆ ಇಂತಹ ಒಂದು ‘ಆಗಲಿ’ ಇದ್ದೀತು.

ಅಂದು ಸಂಜೆ ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಮಗ ಒಲೆಗೆ ಸೌದೆ ಒಟ್ಟುತ್ತಿದ್ದ. ಅವನ ಕೈ ನಡುಗುತ್ತಿತ್ತು. ಬೈದಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತೋ ಏನೋ.

ಎರಡು ದಿನಗಳಲ್ಲಿ ಹಳ್ಳ ತಿಳಿಯಾಯಿತು. ಆ ಮುದುಕನೇ ಬಂದು ಮಕ್ಕಳನ್ನು ಕೆಳಗಣ ತೆಳುನೀರಿನ ತಾಣಕ್ಕೆ ಕರೆದೊಯ್ದ. ನೀರಿನ ಅಂಚಿಗೆ ಒಂದು ಕೋಲು ನೆಡಬೇಕು, ನೀರು ಅದನ್ನು ದಾಟಿದರೆ ಎದ್ದುಬಿಡಬೇಕು. ನೊರೆ ಉಕ್ಕುವಲ್ಲಿಗೆ ಹೋಗಬಾರದು, ಗಾಳಿ ತುಂಬಿದ ಆ ನೀರು ಮೈಯನ್ನು ಎತ್ತಿ ಹಿಡಿಯದು. ಆಳ ತಿಳಿಯದೆ ಧುಮುಕಬಾರದು. ಇಷ್ಟೇ ಅವನ ಪಾಠ. ನನ್ನ ಪಾಠಗಳಂತೆ ಅದು ಒಂದು ಗಂಟೆ ಹಿಡಿಯಲಿಲ್ಲ.

ಮೊಮ್ಮಗಳು ಕೋಲು ನೆಟ್ಟಳು. “ತಾತ, ನೀನು ಇದನ್ನು ನೋಡುತ್ತಾ ಕೂತಿರು, ಆಕಾಶ ನೋಡಬೇಡ” ಎಂದಳು. ನಾನು ಹಾಗೆಯೇ ಕುಳಿತೆ. ಯಾವ ಕಾವ್ಯವನ್ನೂ ನಾನು ಅಷ್ಟು ಗಮನವಿಟ್ಟು ಓದಿದ್ದಿಲ್ಲ.