ತೂಕದ ಚೀಟಿ

ನಮ್ಮ ಎಳವೆಯಲ್ಲಿ ದೊಡ್ಡ ರೈಲು ನಿಲ್ದಾಣಗಳಲ್ಲಿ ಒಂದು ತೂಕದ ಯಂತ್ರವಿರುತ್ತಿತ್ತು. ಬಣ್ಣದ ದೀಪಗಳು ಮಿನುಗುತ್ತಿದ್ದ ಆ ಯಂತ್ರದ ಮೇಲೆ ನಿಂತು ನಾಣ್ಯವೊಂದನ್ನು ಹಾಕಿದರೆ, ಸದ್ದು ಮಾಡುತ್ತ ಪುಟ್ಟ ರಟ್ಟಿನ ಚೀಟಿಯೊಂದು ಹೊರಬೀಳುತ್ತಿತ್ತು. ಅದರಲ್ಲಿ ನಮ್ಮ ತೂಕ. ಜೊತೆಗೆ ನಮ್ಮ ಭವಿಷ್ಯ. ತೂಕವನ್ನು ನಾವು ಆ ಕ್ಷಣವೇ ಮರೆಯುತ್ತಿದ್ದೆವು. ಭವಿಷ್ಯವನ್ನು ಮಾತ್ರ ರೈಲು ಬರುವವರೆಗೂ ಓದಿ ಓದಿ ನಗುತ್ತಿದ್ದೆವು. ಇಂದು ಆ ಯಂತ್ರಗಳು ಬಹುಮಟ್ಟಿಗೆ ಮರೆಯಾಗಿವೆ. ಆದರೆ ತೂಕದಲ್ಲಿಯೇ ಭವಿಷ್ಯವನ್ನು ಓದುವ ಅಭ್ಯಾಸವೊಂದು ನಮ್ಮ ಮನೆಗಳನ್ನು ಹೊಕ್ಕಿದೆ.

ಪರರನ್ನು ಆಕ್ಷೇಪಿಸಲು ನಾನು ಈ ಮಾತನ್ನು ಹೇಳುತ್ತಿಲ್ಲ. ನಾನು ನಿವೃತ್ತನಾದ ವರ್ಷ ವೈದ್ಯರು ರಕ್ತದಲ್ಲಿ ಸಕ್ಕರೆಯ ಅಂಶ ಹೆಚ್ಚಿದೆಯೆಂದು ಹೇಳಿ, ದಿನವೂ ನಡೆಯುವಂತೆಯೂ ಸ್ವಲ್ಪ ತೂಕ ಇಳಿಸುವಂತೆಯೂ ಸಲಹೆ ಕೊಟ್ಟರು. ಯೋಗ್ಯವಾದ ಸಲಹೆಯೇ. ಮಗ ಒಂದು ತೂಕದ ಯಂತ್ರವನ್ನು ತಂದುಕೊಟ್ಟ. ಪಾಠ ಹೇಳುವ ಕೆಲಸ ಮುಗಿದಿದ್ದರೂ ಅಂಕ ಕೊಡುವ ಚಟ ನನಗೆ ಮುಗಿದಿರಲಿಲ್ಲವೆಂದು ತೋರುತ್ತದೆ. ಬೆಳಿಗ್ಗೆ ಎದ್ದೊಡನೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ ಯಂತ್ರದ ಮೇಲೆ ನಿಂತು, ಅಂಕಿಯನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡತೊಡಗಿದೆ. ಕಾಲು ಕಿಲೋ ಇಳಿದರೆ ಹಬ್ಬ, ಏರಿದರೆ ಸೂತಕ. ಏರಿದ ದಿನ ನಾನು ರಾತ್ರಿಯ ಊಟವನ್ನು ಬಿಡುತ್ತಿದ್ದೆ. ಮನೆಯಾಕೆ ಮಾಡಿದ ಹೋಳಿಗೆಯನ್ನು ನೋಡಿ, ಆಕೆ ಅಪರಾಧ ಮಾಡಿದಳೆಂಬಂತೆ ಮುಖ ತಿರುಗಿಸುತ್ತಿದ್ದೆ.

ಒಂದು ದಿನ ಆ ಪುಸ್ತಕ ಕೈಜಾರಿ ಬಿದ್ದು ಹಿಂಬದಿಯ ಪುಟ ತೆರೆದುಕೊಂಡಿತು. ಅಲ್ಲಿ ದುಂಡನೆಯ ಅಕ್ಷರಗಳಲ್ಲಿ ತಾರೀಖುಗಳು, ಅವುಗಳ ಮುಂದೆ ಅಂಕಿಗಳು; ಕೆಲವು ಅಂಕಿಗಳ ಕೆಳಗೆ ‘ಇವತ್ತು ರಾತ್ರಿ ಊಟ ಇಲ್ಲ’ ಎಂಬ ಬರಹ. ಅದು ನನ್ನ ಮೊಮ್ಮಗಳ ಕೈಬರಹ. ಅವಳಿಗಿನ್ನೂ ಹನ್ನೆರಡು ವರ್ಷ. ಕರೆದು ಕೇಳಿದರೆ ಅವಳು ಅಂಜಲಿಲ್ಲ. “ಜಾಸ್ತಿ ಬಂದ ದಿನ ನೀವೂ ಹಾಗೇ ಮಾಡ್ತೀರಲ್ಲ, ತಾತ?” ಎಂದಳು. ಮೂವತ್ತು ವರ್ಷಗಳ ಕಾಲ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರ ಹೇಳಿದವನಿಗೆ ಅಂದು ಉತ್ತರ ಹೊಳೆಯಲಿಲ್ಲ.

ಪುಸ್ತಕದ ಹುಳುವಿಗೆ ವ್ಯಥೆಯಾದರೂ ಗ್ರಂಥಾಲಯವೇ ಗತಿ. ನಮ್ಮನ್ನು ಆಳುತ್ತಿರುವ ಈ ಅಂಕಿಯ ಜಾತಕವನ್ನು ನಾನು ಹುಡುಕಿದೆ. ದೇಹದ ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಲೆಕ್ಕವನ್ನು ಮೊದಲು ಸೂಚಿಸಿದವನು ವೈದ್ಯನಲ್ಲ. ಬೆಲ್ಜಿಯಂ ದೇಶದ ಖಗೋಳಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆ. 1830ರ ದಶಕದಲ್ಲಿ ಅವನು ಅರಸುತ್ತಿದ್ದುದು ‘ಸರಾಸರಿ ಮನುಷ್ಯ’ನನ್ನು. ಆ ಸರಾಸರಿ ಮನುಷ್ಯ ಲೆಕ್ಕದಲ್ಲಿ ಇದ್ದಾನೆಯೇ ಹೊರತು ಯಾವ ಬೀದಿಯಲ್ಲಿಯೂ ವಾಸವಾಗಿಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಅವನ ಸಂಗಡಿಗರು ಐದು ದೇಶಗಳ ಏಳು ಸಾವಿರಕ್ಕೂ ಮಿಕ್ಕಿದ ಗಂಡಸರನ್ನು ಅಳೆದು, ಅದೇ ಲೆಕ್ಕಕ್ಕೆ ಇಂದು ಎಲ್ಲರ ನಾಲಗೆಯ ಮೇಲಿರುವ ‘ಬಿ.ಎಂ.ಐ.’ ಎಂಬ ಹೆಸರಿಟ್ಟರು. ಅಳೆದವರಲ್ಲಿ ಹೆಂಗಸರಿರಲಿಲ್ಲ, ಮಕ್ಕಳಿರಲಿಲ್ಲ. ಜನಸಮುದಾಯಗಳ ಅಧ್ಯಯನಕ್ಕೆಂದು ಒದಗಿದ ಅಳತೆಗೋಲು, ಹನ್ನೆರಡು ವರ್ಷದ ಹುಡುಗಿಯ ಊಟದ ತಟ್ಟೆಯವರೆಗೆ ಬಂದುಬಿಟ್ಟಿತು.

ಈ ಅಂಕಿ ಒಬ್ಬೊಬ್ಬ ಮನುಷ್ಯನ ವಿಷಯದಲ್ಲಿ ಎಷ್ಟು ತಪ್ಪಬಹುದೆಂಬುದಕ್ಕೆ ಒಂದು ಸ್ವಾರಸ್ಯವಾದ ನಿದರ್ಶನವಿದೆ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಭಾವಚಿತ್ರದೊಡನೆ ಒಂದು ಪುಟ್ಟ ಬರಹ ಪ್ರಕಟಿಸಿದರು. ಇಬ್ಬರ ಸೂಚ್ಯಂಕವೂ ಒಂದೇ, 22.3. ಆದರೆ ಮೈಯಲ್ಲಿನ ಕೊಬ್ಬಿನ ಪ್ರಮಾಣ ಯುಡ್ಕಿನ್‌ರಲ್ಲಿ ನೂರಕ್ಕೆ ಸುಮಾರು 9, ಯಾಜ್ಞಿಕ್‌ರಲ್ಲಿ ಸುಮಾರು 21. ಅಂಕಿ ಒಂದೇ, ದೇಹಗಳು ಎರಡು.

ನನ್ನ ಮನಸ್ಸನ್ನು ಹೆಚ್ಚು ಕಲಕಿದ ಸಂಗತಿ ಬೇರೆ. ಅದೇ ಆನ್ಸೆಲ್ ಕೀಸ್ 1944-45ರಲ್ಲಿ, ಯುದ್ಧದಿಂದ ಹಸಿದ ಜನರಿಗೆ ಹೇಗೆ ಮತ್ತೆ ಉಣಿಸಬೇಕೆಂದು ತಿಳಿಯಲು, ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಸಿದ್ದ. ಆತ್ಮಸಾಕ್ಷಿಯ ಕಾರಣದಿಂದ ಶಸ್ತ್ರ ಹಿಡಿಯಲು ಒಪ್ಪದಿದ್ದ ಮೂವತ್ತಾರು ಮಂದಿ ತರುಣರು ತಾವಾಗಿಯೇ ಅದಕ್ಕೆ ಒಡ್ಡಿಕೊಂಡರು. ಆರು ತಿಂಗಳ ಅರೆಹೊಟ್ಟೆಯಲ್ಲಿ ಅವರ ತೂಕ ಕಾಲುಭಾಗದಷ್ಟು ಇಳಿಯಿತು. ಆದರೆ ಇಳಿದದ್ದು ತೂಕವೊಂದೇ ಅಲ್ಲ. ಅವರು ಸಿಡುಕರಾದರು, ಖಿನ್ನರಾದರು, ಗೆಳೆತನದಲ್ಲಿ ಆಸಕ್ತಿ ಕಳೆದುಕೊಂಡರು. ಹಗಲಿರುಳೂ ಅನ್ನದ್ದೇ ಧ್ಯಾನ. ಕೆಲವರು ಪಾಕಶಾಸ್ತ್ರದ ಪುಸ್ತಕಗಳನ್ನು ಕಾದಂಬರಿಯಂತೆ ಓದತೊಡಗಿದರು. ದೇಹವನ್ನು ಹಸಿಸಿ ಮನಸ್ಸನ್ನು ಬಿಡುಗಡೆ ಮಾಡಲಾಗದು. ಹಸಿದ ಮನಸ್ಸು ದೇಹದ ಸುತ್ತಲೇ ಗಾಣದ ಎತ್ತಿನಂತೆ ಸುತ್ತುತ್ತದೆ. ನನ್ನ ನೋಟ್ ಪುಸ್ತಕವೂ ಅದನ್ನೇ ಹೇಳುತ್ತಿತ್ತು. ನಾನು ಅಂಕಿಗಳನ್ನಷ್ಟೇ ಓದುತ್ತಿದ್ದೆ.

ಹಳೆಯದೊಂದು ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ತರಗತಿಯಲ್ಲಿ ‘ತಳೋದರಿ’ ಎಂಬ ಮಾತಿಗೆ ‘ತೆಳುವಾದ ಹೊಟ್ಟೆಯವಳು’ ಎಂದು ಅರ್ಥ ಹೇಳುತ್ತಿದ್ದೆ. ಹಿಂದಿನ ಸಾಲಿನ ಹುಡುಗರು ಮುಂದಿನ ಬೆಂಚಿನಲ್ಲಿದ್ದ ಮೈತುಂಬಿದ ಹುಡುಗಿಯೊಬ್ಬಳ ಕಡೆ ನೋಡಿ ನಕ್ಕರು. ಅವರನ್ನು ಗದರಿಸಬೇಕಾದ ನಾನು, ಹೇಳಲು ನಾಚಿಕೆಯಾಗುತ್ತದೆ, ಮುಗುಳ್ನಕ್ಕೆ. ಆಕೆ ತಲೆ ತಗ್ಗಿಸಿದಳು. ಅಂದಿನಿಂದ ಅವಳು ಕೂರುತ್ತಿದ್ದುದು ಕೊನೆಯ ಬೆಂಚಿನಲ್ಲಿ. ಕಾವ್ಯದ ನಡು ಕವಿಸಮಯ. ಅದನ್ನು ಯಾವ ಕವಿಯೂ ದಾರ ಹಿಡಿದು ಅಳೆದು ಬರೆಯಲಿಲ್ಲ. ಅಷ್ಟೊಂದು ಮಾತನ್ನು ನಾನು ಅಂದೇ ಹೇಳಿದ್ದರೆ ಪಾಠವೂ ಸರಿಯಾಗುತ್ತಿತ್ತು, ಆ ಹುಡುಗಿಗೂ ನ್ಯಾಯ ಸಲ್ಲುತ್ತಿತ್ತು. ಡೊಳ್ಳುಹೊಟ್ಟೆಯ ಗಣಪನಿಗೆ ಮೊದಲ ಪೂಜೆ ಸಲ್ಲಿಸುವ ನಾವು ಮನುಷ್ಯರ ಹೊಟ್ಟೆಯನ್ನು ಮಾತ್ರ ಕ್ಷಮಿಸೆವು.

ಹಾಗಾದರೆ ಆರೋಗ್ಯದ ಚಿಂತೆ ಬೇಡವೇ ಎಂದು ನೀವು ಕೇಳಬಹುದು. ಬೇಕು. ನಾನು ಈಗಲೂ ದಿನವೂ ನಡೆಯುತ್ತೇನೆ, ಔಷಧಿ ತಪ್ಪಿಸುವುದಿಲ್ಲ. ಆದರೆ ತೂಕ ನೋಡುವ ಕೆಲಸ ವೈದ್ಯರದು. ಯಂತ್ರ ಅಟ್ಟ ಸೇರಿದೆ. ಅದರಿಂದ ಎಲ್ಲವೂ ಒಂದೇ ದಿನದಲ್ಲಿ ಸರಿಹೋಯಿತೆಂದರೆ ಸುಳ್ಳಾದೀತು. ಮೊಮ್ಮಗಳನ್ನು ವೈದ್ಯರಲ್ಲಿಗೆ ಕರೆದೊಯ್ದೆವು. ಅವಳ ತಾಯಿ ಅವಳೊಡನೆ ತಾಳ್ಮೆಯಿಂದ ಮಾತಾಡುತ್ತಾಳೆ. ಮನೆಯ ಹಿರಿಯರು ಕನ್ನಡಿಯೆದುರು ತಮ್ಮನ್ನು ತಾವೇ ಹಳಿದುಕೊಳ್ಳಕೂಡದೆಂದು ನಾವೆಲ್ಲ ಗೊತ್ತುಮಾಡಿಕೊಂಡೆವು. ತಮ್ಮ ಮೈಯನ್ನು ಹೇಗೆ ಕಾಣಬೇಕೆಂಬುದನ್ನು ಮಕ್ಕಳು ನಮ್ಮಿಂದಲೇ ಕಲಿಯುತ್ತಾರೆ.

ಮದುವೆಮನೆಗಳಲ್ಲಿ ಬಂಧುಗಳು ಎದುರಾದೊಡನೆ “ಎಷ್ಟು ದಪ್ಪಗಾಗಿದ್ದೀಯೆ!” ಎಂದೋ “ಏಕೆ ಹೀಗೆ ಸೊರಗಿದ್ದೀಯೆ?” ಎಂದೋ ಮಾತು ತೆಗೆಯುತ್ತಾರೆ. ಕೆಡುಕಿನ ಮನಸ್ಸಿನಿಂದಲ್ಲ, ಬೇರೆ ಮಾತು ತೋಚದೆ. ಆದರೆ ನಮ್ಮ ಹಿರಿಯರಿಗೆ ಬೇರೊಂದು ಮಾತು ತಿಳಿದಿತ್ತು. ದಾರಿಯಲ್ಲಿ ಕಂಡವರನ್ನು ಅವರು “ಊಟವಾಯಿತೆ?” ಎಂದು ಕೇಳುತ್ತಿದ್ದರು. ಆ ಪ್ರಶ್ನೆಯಲ್ಲಿ ಮೈಯ ಕಾಳಜಿಯಿತ್ತು, ಮೈಯ ಅಳತೆಯಿರಲಿಲ್ಲ.

ಮೊನ್ನೆ ರಾತ್ರಿ ಮೊಮ್ಮಗಳನ್ನು ನಾನೂ ಹಾಗೆಯೇ ಕೇಳಿದೆ: “ಊಟವಾಯಿತೇನಮ್ಮ?”

“ಆಯಿತು ತಾತ. ನಿಮ್ಮದು?” ಎಂದಳು.

(ಬಾನುಲಿ ಭಾಷಣ)