ಪದಕ ಯಾರಿಗೆ, ಪೆಟ್ಟು ಯಾರಿಗೆ?

(ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಉದ್ದೀಪನ ಮದ್ದು ಸೇವಿಸಿ ಆಟದಲ್ಲಿ ಗೆಲ್ಲುವುದು ತಪ್ಪೆಂದು ಎಲ್ಲರೂ ಒಪ್ಪುತ್ತಾರೆ. ಏಕೆಂದು ಕೇಳಿದರೆ, ಅದು ಮೋಸ ಎನ್ನುತ್ತಾರೆ. ವ್ಯಾಪಾರಿ ಬಾಂಧವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಳ್ಳ ತೂಕ ಹಾಕುವವನು ಗಿರಾಕಿಗೆ ಮಾತ್ರವಲ್ಲ, ಪಕ್ಕದ ಪ್ರಾಮಾಣಿಕ ಅಂಗಡಿಯವನಿಗೂ ಮೋಸ ಮಾಡುತ್ತಾನೆ. ಆದರೆ ಇದು ಅರ್ಧ ಮಾತು. ಮದ್ದು ಕೊಟ್ಟವರು ಯಾರು? ಲಾಭ ಯಾರಿಗೆ ಸಂದಿತು? ನೋವು ಉಂಡವರು ಯಾರು? ಈ ಮೂರನ್ನೂ ನಾವು ಕೇಳಬೇಕು.

ಪೂರ್ವ ಜರ್ಮನಿಯ ಸಂಗತಿಯನ್ನೇ ನೋಡಿ. ಅದು ತನ್ನನ್ನು ಸಮಾಜವಾದಿ ರಾಷ್ಟ್ರವೆಂದು ಕರೆದುಕೊಂಡಿತ್ತು. ಆದ್ದರಿಂದಲೇ ಸಮಾಜವಾದಿಗಳಾದ ನಾವು ಅದನ್ನು ಮುಚ್ಚಿಡಕೂಡದು. ಸುಮಾರು 1 ಕೋಟಿ 70 ಲಕ್ಷ ಜನರ ಆ ಸಣ್ಣ ದೇಶ 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ 40 ಚಿನ್ನ ಗೆದ್ದು ಅಮೆರಿಕವನ್ನೂ ಹಿಂದೆ ಹಾಕಿತು. ಮಹಿಳೆಯರ ಈಜಿನ 13 ಸ್ಪರ್ಧೆಗಳಲ್ಲಿ 11 ಅದರ ಪಾಲಾದವು. ಜಗತ್ತು ಬೆರಗಾಯಿತು.

ಆ ಬೆರಗಿನ ಹಿಂದೆ 1974ರಲ್ಲಿ ಸರಕಾರವೇ ಗುಟ್ಟಾಗಿ ಹಾಕಿಕೊಂಡ ಒಂದು ಯೋಜನೆಯಿತ್ತು. ಸರಕಾರಿ ಕಾರ್ಖಾನೆಯಲ್ಲಿ ತಯಾರಾದ ಓರಲ್ ಟ್ಯೂರಿನಬಾಲ್ ಎಂಬ ಮಾತ್ರೆಯನ್ನು ಎಳೆಯ ಹುಡುಗಿಯರಿಗೂ ತಿನ್ನಿಸಿದರು. ಅದು ಗಂಡಸರ ಹಾರ್ಮೋನಿನ ಬಗೆಯದು. ಮಕ್ಕಳಿಗೆ ಹೇಳಿದ್ದು ಮಾತ್ರ ವಿಟಮಿನ್ ಎಂದು! ಹೆತ್ತವರಿಗೂ ಸತ್ಯ ತಿಳಿಸಲಿಲ್ಲ. ಹುಡುಗಿಯರ ದನಿ ಗಡುಸಾಯಿತು, ಮೈಮೇಲೆ ರೋಮ ಬೆಳೆಯಿತು. ಮುಂದೆ ಎಷ್ಟೋ ಮಂದಿಗೆ ಯಕೃತ್ತಿನ ಕಾಯಿಲೆ, ಗರ್ಭಪಾತ. ಹೀಗೆ ಮದ್ದು ತಿಂದ ಆಟಗಾರರು ಸುಮಾರು ಹತ್ತು ಸಾವಿರವೆಂದು ಅಂದಾಜು.

ಬರ್ಲಿನ್ ಗೋಡೆ ಬಿದ್ದ ಮೇಲೆ ಕಾಗದಪತ್ರಗಳು ಹೊರಬಂದವು. 2000ರಲ್ಲಿ ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್ ಮತ್ತು ವೈದ್ಯ ಮಾನ್‌ಫ್ರೆಡ್ ಹೋಪ್ನರ್ ತಪ್ಪಿತಸ್ಥರೆಂದು ತೀರ್ಪಾಯಿತು. ಒಬ್ಬನಿಗೆ 22 ತಿಂಗಳು, ಇನ್ನೊಬ್ಬನಿಗೆ 18 ತಿಂಗಳು. ಎರಡೂ ಅಮಾನತಿನಲ್ಲಿಟ್ಟ ಶಿಕ್ಷೆ! ಅಧಿಕಾರಿಗಳು ಮನೆಗೆ ಹೋದರು, ಆ ಹೆಣ್ಣುಮಕ್ಕಳು ಆಸ್ಪತ್ರೆಗೆ ಹೋದರು.

ಇನ್ನು ಕೆಲವರು ಬೇರೊಂದು ವಾದ ಹೂಡುತ್ತಾರೆ: "ಕದ್ದು ತಿನ್ನುವುದೇಕೆ? ಬಯಸಿದವರೆಲ್ಲ ಬಹಿರಂಗವಾಗಿ ತಿನ್ನಲಿ, ಆಗ ಎಲ್ಲರೂ ಸಮಾನರು." ಗಿರಣಿಯಲ್ಲಿ ದುಡಿಯುವವರು ಇದಕ್ಕೆ ಮರುಳಾಗಲಾರರು. ಪೀಸಿನ ಲೆಕ್ಕದ ಕೂಲಿ ಇರುವಲ್ಲಿ ಒಬ್ಬನು ಮೈ ಹಾಳುಮಾಡಿಕೊಂಡು ಹೆಚ್ಚು ಮಾಲು ತೆಗೆದರೆ ಏನಾಗುತ್ತದೆ? ನಾಳೆ ಮಾಲೀಕನು ಅದನ್ನೇ ಎಲ್ಲರಿಗೂ ಅಳತೆಗೋಲು ಮಾಡುತ್ತಾನೆ. ನಿನ್ನೆ ಒಬ್ಬನ ಇಚ್ಛೆಯಾಗಿದ್ದದ್ದು ಇಂದು ಎಲ್ಲರ ಬಲವಂತವಾಗುತ್ತದೆ. ಆಟದಲ್ಲಿಯೂ ಹೀಗೆಯೇ. ಒಬ್ಬನು ತಿಂದರೆ ಮಿಕ್ಕವರು ತಿನ್ನಬೇಕು, ಇಲ್ಲವೇ ಕಣ ಬಿಡಬೇಕು. ಇದು ಸಮಾನತೆಯಲ್ಲ, ಯಾರ ದೇಹ ಹೆಚ್ಚು ವಿಷ ತಾಳುತ್ತದೆಂಬ ಪಂದ್ಯ.

ಹಾಗಾದರೆ ನಾವು ಕೇಳತಕ್ಕದ್ದೇನು? ತಿಳಿದೇ ಮೋಸ ಮಾಡಿದ ಆಟಗಾರನಿಗೆ ನಿಷೇಧವಿರಲಿ. ಆದರೆ ಮದ್ದು ಕೊಟ್ಟ ವೈದ್ಯನೂ ತರಬೇತುದಾರನೂ ಕಣ್ಣುಮುಚ್ಚಿ ಕುಳಿತ ಅಧಿಕಾರಿಯೂ ಅದಕ್ಕಿಂತ ಕಠಿಣ ಶಿಕ್ಷೆಗೆ ಗುರಿಯಾಗಲಿ. ತನ್ನ ಮೈಯೊಳಗೆ ಹೋಗುವುದೇನೆಂದು ತಿಳಿಯುವ ಹಕ್ಕು, ಒಲ್ಲೆನೆನ್ನುವ ಹಕ್ಕು ಆಟಗಾರನಿಗಿರಲಿ. ನೊಂದವರಿಗೆ ಚಿಕಿತ್ಸೆ, ಪರಿಹಾರ ಸಿಗಲಿ. ಜರ್ಮನಿ 2002ರಲ್ಲಿಯೂ 2016ರಲ್ಲಿಯೂ ಅದಕ್ಕೆಂದೇ ಕಾಯಿದೆ ಮಾಡಬೇಕಾಯಿತು.

ಮಿತ್ರರೇ, ಮನುಷ್ಯನ ಮೈ ಕಚ್ಚಾಮಾಲಲ್ಲ. ಲಾಭಕ್ಕಾಗಿ ಅದನ್ನು ಹಿಂಡುವ ಮಾಲೀಕನನ್ನು ವಿರೋಧಿಸುವ ನಾವು, ಪದಕಕ್ಕಾಗಿ ಹಿಂಡುವ ಸರಕಾರವನ್ನೂ ವಿರೋಧಿಸಲೇಬೇಕು. ಅದು ಯಾವ ಬಣ್ಣದ ಬಾವುಟ ಹಿಡಿದಿದ್ದರೂ ಸರಿಯೇ.