ಕಮಾನಿನ ಹಣ ಮತ್ತು ಗಿಡದ ನೀರು



ನಮ್ಮ ಸೇವಾ ಕ್ಲಬ್ಬು ಬಸ್ ನಿಲ್ದಾಣದಲ್ಲಿ ಕಲ್ಲುಬೆಂಚು ಹಾಕಿಸಿದೆ, ವೃತ್ತಕ್ಕೆ ಬಣ್ಣ ಬಳಿಸಿದೆ. ಬೆಂಚಿಗಿಂತ ಅದರ ಮೇಲಿನ ಹೆಸರೇ ದೊಡ್ಡದೆಂದು ನೀವು ನಗುವುದು ನಮಗೂ ಗೊತ್ತು. ಇಂಥ ಕ್ಲಬ್ಬುಗಳಲ್ಲಿ ಹಳೆಯದಾದ ರೋಟರಿ 1905ರಲ್ಲಿ ಚಿಕಾಗೋದಲ್ಲಿ ಹುಟ್ಟಿತು. ಅದು ಊರಿಗಾಗಿ ಮೊದಮೊದಲು ಕೈಹಾಕಿದ್ದು ಸಾರ್ವಜನಿಕ ಶೌಚಾಲಯಕ್ಕೆ, ಕಾರಂಜಿಗಲ್ಲ.

ಸುವರ್ಣ ಮಹೋತ್ಸವದ ನೆನಪಿಗೆ ಸ್ವಾಗತ ಕಮಾನು ಕಟ್ಟಿಸಬೇಕೆಂದು ಹಲವರ ಆಸೆ. ನನ್ನ ಮತ ಬೇರೆ. ಶಾಲೆಯಿಂದ ಬಸ್ ನಿಲ್ದಾಣದವರೆಗೆ ಹೊಂಗೆ, ಬೇವು ನೆಡೋಣ. ಮಕ್ಕಳು ನೆರಳಲ್ಲಿ ನಡೆದು ಬರಲಿ. ಜೂನ್ ತಿಂಗಳಲ್ಲಿ ಫೋಟೋಕ್ಕೆ ಎಲ್ಲರೂ ಬರುತ್ತಾರೆ. ಏಪ್ರಿಲ್‌ನಲ್ಲಿ ಬಿಂದಿಗೆ ಹಿಡಿಯುವವರು ಬೇಕು. ಹುಲಿಕಲ್-ಕುದೂರು ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಆಲದ ಸಸಿಗಳಿಗೆ ನೀರು ಹೊತ್ತರು. ಅದಕ್ಕೇ ಅವು ಮರವಾದವು. ಗಿಡ ದಪ್ಪವಾದಾಗ ಸುತ್ತಲಿನ ಕಬ್ಬಿಣದ ಬೇಲಿಯನ್ನೂ ಬಿಚ್ಚಬೇಕು, ಇಲ್ಲದಿದ್ದರೆ ಕಾಂಡದೊಳಗೇ ಇಳಿಯುತ್ತದೆ. ಆ ಬೇಲಿಗೆ ದಾನಿಗಳ ಫಲಕ ಬೇಡವೆಂದು ಕ್ಲಬ್ಬಿನಲ್ಲೂ ಹೇಳಿದೆ, ಇಬ್ಬರು ಮುನಿಸಿಕೊಂಡಿದ್ದಾರೆ.

ಮೂರು ಬೇಸಿಗೆ ನೀರು ಹಾಕುವವರ ಕೂಲಿಯನ್ನು ಕಮಾನಿನ ಹಣದಿಂದ ತೆಗೆದಿಡಿ ಎಂದು ಸಮಿತಿಯನ್ನು ಕೇಳುತ್ತೇನೆ. ಭಾನುವಾರದ ಸರದಿ ನಮ್ಮ ಕ್ಲಬ್ಬಿನದು.